ಬೀರು, ಮೇಜು, ಕುರ್ಚಿ, ಮಣೆ

ಆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಉಳಿದಿರಲಿಲ್ಲ. ವಿಮಾನವನ್ನು ನೆಲಕ್ಕಿಳಿಸುವಾಗ ಯಾರು ಏನು ಎಡವಟ್ಟು ಮಾಡಿಕೊಂಡಿದ್ದರೋ ಅದೇ ಅವರ ಹೆಸರು. ಲಾಯರೊಬ್ಬರು ಚಕ್ರ ಕೆಳಗಿಳಿಸುವುದನ್ನೇ ಮರೆತು, ಎಚ್ಚರಿಕೆಯ ಹಾರನ್ ಕಿವಿಯ ಪಕ್ಕದಲ್ಲೇ ಬಡಿದುಕೊಳ್ಳುತ್ತಿದ್ದರೂ ಇದೇನು ಗಲಾಟೆ ಎಂದುಕೊಳ್ಳುತ್ತ ವಿಮಾನದ ಹೊಟ್ಟೆಯನ್ನು ರನ್‌ವೇಗೆ ಉಜ್ಜಿಕೊಂಡು ನಿಂತಿದ್ದರು. ಅಂದಿನಿಂದ ಅವರು ಹೊಟ್ಟೆ ಲಾಯರು. ರನ್‌ವೇ ಮುಗಿದರೂ ನಿಲ್ಲಲಾಗದೆ ಮುಳ್ಳುಬೇಲಿಯೊಳಗೆ ನುಗ್ಗಿದವರು ಬೇಲಿ ಡಾಕ್ಟರು. ಇಳಿಯುವಾಗ ಕುಪ್ಪಳಿಸಿ ಕುಪ್ಪಳಿಸಿ ಮುಂದಿನ ಚಕ್ರ ಮುರಿದುಕೊಂಡ ಮೇಷ್ಟ್ರು ಕಪ್ಪೆ ಮೇಷ್ಟ್ರು. ಇವರೆಲ್ಲ ಸೇರಿದಾಗ ಒಬ್ಬರನ್ನೊಬ್ಬರು ಹಾಸ್ಯ ಮಾಡಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಮೈಯಲ್ಲಿ ಜೀವ ಉಳಿದವರಿಗೆ ನಗುವುದು ಸುಲಭ. ಇಳಿಯುವಾಗಲೇ ಹೋಗಿಬಿಟ್ಟವರೂ ಒಬ್ಬರಿದ್ದರು. ಅವರಿಗೆ ಅಡ್ಡಹೆಸರಿಡುವ ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ.

ಇಷ್ಟು ಜನರ ನಡುವೆ ಒಳ್ಳೆಯ ಅಡ್ಡಹೆಸರು ಸಿಕ್ಕಿದ್ದು ಒಬ್ಬನಿಗೇ. ಊರಿನ ದೊಡ್ಡ ಬೀದಿಯಲ್ಲಿ ಸೋಫಾ, ಮಂಚ, ಬೀರು ಮಾರುವ ಅಂಗಡಿಯ ಯಜಮಾನ ಅವನು. ಅವನ ನಾಲ್ಕು ಸೀಟಿನ ಪುಟ್ಟ ವಿಮಾನ ಯಾವಾಗ ಆಕಾಶ ಬಿಟ್ಟಿತು, ಯಾವಾಗ ನೆಲ ಮುಟ್ಟಿತು ಎಂಬುದೇ ಒಳಗೆ ಕೂತವರಿಗೆ ತಿಳಿಯುತ್ತಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳಿಸುತ್ತಾನೆ ಎಂದು ಶುರುವಾದದ್ದು ಸವೆದು ಸವೆದು ಬರೀ 'ಬೆಣ್ಣೆ' ಎಂದು ನಿಂತಿತ್ತು. ಅವನಿಗೆ ಆ ಹೆಸರಿನ ಮೇಲೆ ಎಷ್ಟು ಪ್ರೀತಿ ಎಂದರೆ ಅಂಗಡಿಯ ಬೋರ್ಡಿನ ಮೇಲೂ ಬರೆಸುವವನಿದ್ದ. ಹೆಂಡತಿ ಬೇಡವೆಂದಳು.

ಹೆಂಡತಿ ಅದೇ ಅಂಗಡಿಯ ಅಟ್ಟದ ಮೇಲೆ ಪರದೆ ಹೊಲಿಸುವವಳು. ಅವಳ ಕಣ್ಣು ಅಳತೆಯ ಕಣ್ಣು. ಗಿರಾಕಿಯ ಮನೆಯ ಬಾಗಿಲಲ್ಲಿ ನಿಂತೇ, ಕಿಟಕಿಯ ಪರದೆ ನೆಲಕ್ಕೆ ಎಷ್ಟು ಬೆರಳು ಕಮ್ಮಿಯಿದೆ ಎಂದು ಹೇಳುತ್ತಿದ್ದಳು. ಟೇಪು ಹಿಡಿದು ನೋಡಿದರೆ ಅಷ್ಟೇ ಇರುತ್ತಿತ್ತು. ವಿಮಾನದಲ್ಲಿ ಅವಳು ಯಾವಾಗಲೂ ಗಂಡನ ಪಕ್ಕದ ಸೀಟಿನಲ್ಲೇ ಕೂರುತ್ತಿದ್ದಳು. ರನ್‌ವೇ ಹತ್ತಿರ ಬರುತ್ತಿದ್ದಂತೆ, ತರಕಾರಿಯವನ ಮುಂದೆ ಚೀಟಿ ಓದುವವಳ ದನಿಯಲ್ಲಿ, "ಬೀರು... ಮೇಜು... ಕುರ್ಚಿ... ಮಣೆ" ಎನ್ನುತ್ತಿದ್ದಳು. ಮಣೆ ಎಂದ ಮೇಲೆ ಬೆಣ್ಣೆ ವಿಮಾನದ ಮೂಗನ್ನು ಇನ್ನಷ್ಟು ಎತ್ತಿ ಹಿಡಿದುಕೊಳ್ಳುತ್ತಿದ್ದ. ಚಕ್ರ ನೆಲವನ್ನು ಸವರುತ್ತಿತ್ತು. ಹಿಂದೆ ಕೂತವರು ಇದು ಗಂಡಹೆಂಡಿರ ಸರಸ ಎಂದುಕೊಂಡು ನಗುತ್ತಿದ್ದರು. ಫರ್ನಿಚರ್ ಅಂಗಡಿಯವರಲ್ಲವೇ, ಗಾಳಿಯಲ್ಲೂ ವ್ಯಾಪಾರ ಬಿಟ್ಟಿಲ್ಲ ಎಂದು ಹೊಟ್ಟೆ ಲಾಯರು ಕ್ಲಬ್ಬಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದರು.

ಸರಸವೂ ಅಲ್ಲ, ಮಣ್ಣೂ ಅಲ್ಲ. ಬೆಣ್ಣೆಗೆ ನೆಲ ಕಾಣಿಸುತ್ತಿರಲಿಲ್ಲ.

ಪೂರ್ತಿ ಕಾಣಿಸುವುದಿಲ್ಲ ಎಂದಲ್ಲ. ನೇರ ನೋಡಿದ ಕಡೆ ನಡುವೆ ಮಸಿ ಬಳಿದ ಹಾಗೆ, ಅಂಚೆಲ್ಲ ಸ್ವಚ್ಛ. ಕಣ್ಣಿನ ನಡುಭಾಗ ಒಣಗುತ್ತಿದೆ, ತಡೆಯಬಹುದೇನೋ, ಹೋದದ್ದು ಬರುವುದಿಲ್ಲ ಎಂದು ದೂರದ ಊರಿನ ಕಣ್ಣಿನ ಡಾಕ್ಟರು ಹೇಳಿದ್ದರು. ಬರುವ ದಾರಿಯಲ್ಲಿ ಕಾರು ಓಡಿಸುತ್ತಿದ್ದವಳು ಹೆಂಡತಿ. "ಯಾರಿಗೂ ಹೇಳಬೇಡ ಕಣೇ. ಹಾರೋದು ನಿಂತ್ರೆ ನಾನು ಅಂಗಡಿಯ ಹಳೇ ಸೋಫಾ ಆಗ್ಬಿಡ್ತೀನಿ" ಎಂದ. ಅವಳು ಹೂಂ ಎಂದಳು. ಹೂಂ ಎನ್ನದೆ ಏನು ಮಾಡುತ್ತಾಳೆ? ಅಷ್ಟು ವರ್ಷ ಮೆರೆದ ಗಂಡಸು ಸಣ್ಣ ಹುಡುಗನಂತೆ ಮುಖ ಮಾಡಿ ಕೂತಿದ್ದ. ಅದಾದ ಮೇಲೆ ಒಂದು ಸಂಜೆ ಇಳಿಯುವಾಗ ನೆಲ ಸರ್ರನೆ ಮೇಲೆ ಬಂದದ್ದು ಕಂಡು ಅವಳು, "ಅಯ್ಯೋ ಎತ್ರೀ, ಮೇಜಿನಷ್ಟೇ ಇದೆ" ಎಂದು ಕಿರುಚಿದಳು. ಅವನು ಎತ್ತಿದ. ಬೆಣ್ಣೆಯಂತೆ ಇಳಿಯಿತು. ಮುಂದಿನ ಸಲ ಅವನೇ, "ಮೊನ್ನೆ ಹೇಳಿದ್ಯಲ್ಲ ಮೇಜು ಗೀಜು ಅಂತ, ಹಾಗೇ ಹೇಳ್ತಿರು" ಎಂದ. ಹೀಗೆ ಅವನ ಕೈಗೆ ಅವಳ ಬಾಯಿ ಅಂಟಿಕೊಂಡಿತು.

ಕ್ಲಬ್ಬಿನ ಪೈಲಟ್ಟುಗಳ ಆರೋಗ್ಯಕ್ಕೆ ಸಹಿ ಹಾಕುತ್ತಿದ್ದವರು ಬೇಲಿ ಡಾಕ್ಟರು. ಅವರ ಗೋಡೆಯ ಮೇಲೆ ಕಣ್ಣು ಪರೀಕ್ಷಿಸಲು ಹಾಕಿದ್ದ ಅಕ್ಷರದ ಪಟ ಅವರ ಮದುವೆಗಿಂತ ಹಳೆಯದು, ಬದಲಾದದ್ದೇ ಇಲ್ಲ. ಬೆಣ್ಣೆಯ ಹೆಂಡತಿಯೇ ಒಂದು ದಿನ ಬಾಗಿಲ ಸಂದಿಯಿಂದ ಅದನ್ನು ಓದಿ ಗಂಡನಿಗೆ ಬಾಯಿಪಾಠ ಮಾಡಿಸಿದಳು. ಮಾಡಿಸುವಾಗ ಇಬ್ಬರೂ ನಕ್ಕರು. ಆ ನಗು ನೆನಪಾದಾಗಲೆಲ್ಲ ಈಗ ಅವಳಿಗೆ ಮೈ ಮುದುಡಿಕೊಳ್ಳುತ್ತಿತ್ತು.

ರಜೆಗೆ ಮಗಳು, ಅಳಿಯ, ಮೊಮ್ಮಗಳು ಬಂದಿಳಿದರು. ಮೊಮ್ಮಗಳಿಗೆ ಆಗಷ್ಟೇ ಮುಂದಿನ ಹಲ್ಲು ಬಿದ್ದಿತ್ತು. ಅಜ್ಜನ ತೊಡೆ ಬಿಟ್ಟು ಇಳಿಯುವ ಮಗುವಲ್ಲ ಅದು. ಊಟದ ಮೇಜಿನಲ್ಲಿ ಅಳಿಯ, ಸಮುದ್ರದ ಕಡೆ ಇರುವ ತನ್ನ ಅಕ್ಕನ ಮನೆಯ ವಿಷಯ ಎತ್ತಿದ. ರಸ್ತೆಯಲ್ಲಿ ಹೋದರೆ ಇಡೀ ದಿನ ಹಾಳು. "ಅದಕ್ಕೇನು, ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲಿ ಸಣ್ಣದೊಂದು ರನ್‌ವೇ ಇದೆ" ಎಂದ ಬೆಣ್ಣೆ. ಮಗು ಕುರ್ಚಿಯ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅವಳು ಅನ್ನದ ಸೌಟು ಹಿಡಿದು ಹಾಗೇ ನಿಂತಳು. ನಾಲ್ಕೇ ಸೀಟು. ಅವನು, ಮಗಳು, ಅಳಿಯ, ಮೊಮ್ಮಗಳು.

"ನಾನು?" ಎಂದಳು.

"ನೀನು ಮನೇಲಿ ಆರಾಮಾಗಿರಮ್ಮ, ವಾರವಾರ ಹಾರ್ತಾನೇ ಇರ್ತೀಯಲ್ಲ" ಎಂದಳು ಮಗಳು. ಗಂಡ ಅನ್ನ ಕಲಸುತ್ತಿದ್ದ. ತಲೆ ಎತ್ತಲಿಲ್ಲ.

ಮರುದಿನ ಅಡುಗೆಮನೆಯಲ್ಲಿ ಮಗಳು ಪಾತ್ರೆ ಒರೆಸುತ್ತಿದ್ದಾಗ ಅವಳು ಗಟ್ಟಿ ಮನಸ್ಸು ಮಾಡಿದಳು. ಹೇಗೆ ಶುರುಮಾಡುವುದೆಂದು ತಿಳಿಯದೆ ಬಾಯಿಗೆ ಬಂದದ್ದನ್ನು ಅಂದಳು. "ನೋಡು, ನಿಮ್ಮಪ್ಪ ವಿಮಾನ ಇಳಿಸೋದು ನನ್ನ ಬಾಯಿಂದ. ನಾನಿಲ್ಲದೆ ಇಳಿಸಕ್ಕೆ ಬರಲ್ಲ ಅವರಿಗೆ."

ಮಗಳು ಜೋರಾಗಿ ನಕ್ಕಳು. "ಈ ಮನೇಲಿ ಯಾವುದು ತಾನೇ ನಿನ್ನ ಬಾಯಿಲ್ಲದೆ ನಡೆದಿದೆ ಹೇಳು. ಅಪ್ಪ ಒಂದಿನ ನೆಮ್ಮದಿಯಾಗಿ ಹಾರ್ಲಿ ಬಿಡು."

"ತಮಾಷೆ ಅಲ್ಲ ಕಣೇ."

"ಅಷ್ಟು ಭಯ ಆಗೋದಾದ್ರೆ ನೀನ್ಯಾಕೆ ಪಕ್ಕದಲ್ಲಿ ಕೂತ್ಕೊತೀಯ?" ಎಂದು ಮಗಳು ತಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸತೊಡಗಿದಳು. ಮುಂದಿನ ಮಾತು ಹೇಳಬೇಕಾದರೆ ಕಣ್ಣಿನ ವಿಷಯ ಹೇಳಬೇಕು, ಅದನ್ನು ಹೇಳಿದರೆ ಬಾಗಿಲ ಸಂದಿಯಿಂದ ಅಕ್ಷರ ಓದಿದ್ದನ್ನೂ ಹೇಳಬೇಕು. ಅಷ್ಟರಲ್ಲಿ ಮೊಮ್ಮಗಳು ಒಳಗೆ ಓಡಿಬಂದು ಮಗಳ ಸೊಂಟಕ್ಕೆ ಜೋತುಬಿದ್ದಳು. ಮಾತು ಅಲ್ಲಿಗೇ ನಿಂತಿತು. ಇದನ್ನು ಹೇಡಿತನ ಎನ್ನುವವರು ಎನ್ನಲಿ. ಅವಳೂ ತನಗೆ ತಾನೇ ಅದನ್ನೇ ಅಂದುಕೊಂಡಳು.

ಅಂಗಡಿಗೆ ಹೋಗಿ ಗಂಡನನ್ನು ಹಿಡಿದಳು. ಅವನು ಹೊಸದಾಗಿ ಬಂದ ಮಂಚದ ಕಾಲನ್ನು ಕೈಯಿಂದ ಸವರಿ ಸವರಿ ನೋಡುತ್ತಿದ್ದ. ಈಚೆಗೆ ಎಲ್ಲವನ್ನೂ ಹಾಗೆ ಮುಟ್ಟಿಯೇ ನೋಡುತ್ತಿದ್ದ. ಗಿರಾಕಿಗಳು ಅದನ್ನು ಕಸುಬಿನ ಮೇಲಿನ ಪ್ರೀತಿ ಎಂದು ಮೆಚ್ಚಿಕೊಳ್ಳುತ್ತಿದ್ದರು.

"ಭಾನುವಾರ ಬೇಡ ರೀ. ಏನಾದ್ರೂ ನೆಪ ಹೇಳಿ."

"ಯಾಕೆ?"

"ಯಾಕೆ ಅಂತ ಕೇಳ್ತೀರಲ್ಲ. ಮಗು ಇರುತ್ತೆ ಅದರಲ್ಲಿ."

"ಅದು ನನ್ನ ಮೊಮ್ಮಗಳೂ ಹೌದು," ಎಂದ. "ನೀನು ಹೇಳೋದು ಒಂದು ಅಭ್ಯಾಸ ಅಷ್ಟೇ. ಇಷ್ಟು ವರ್ಷ ಇಳಿಸಿದ ಕೈ ಇದು. ಇದಕ್ಕೆ ಕಣ್ಣು ಬೇಕಿಲ್ಲ."

"ಹಾಗಾದ್ರೆ ನನ್ನನ್ನ ಯಾಕೆ ಬಿಡದೆ ಕರ್ಕೊಂಡು ಹೋಗ್ತೀರಿ?"

ಬೆಣ್ಣೆ ಮಂಚದ ಇನ್ನೊಂದು ಕಾಲಿನ ಕಡೆ ಹೋದ. ಅವನು ಕೆಟ್ಟವನಲ್ಲ. ತನಗೆ ಕಾಣಿಸುವುದಿಲ್ಲ ಎಂಬುದನ್ನೇ ಕಾಣಲಾರದ ಮನುಷ್ಯ. ಅವಳು ಅಷ್ಟು ಕಾಲ ಅವನ ಪಕ್ಕದಲ್ಲಿ ಕೂತು ಕೂತು ಅದನ್ನು ಮರೆಸಿಬಿಟ್ಟಿದ್ದಳು.

ಶನಿವಾರ ಮಧ್ಯಾಹ್ನ, ಮರುದಿನದ ಪ್ರಯಾಣಕ್ಕೆ ಮೊದಲು ಎಂಜಿನ್ ಒಮ್ಮೆ ಓಡಿಸಿ ನೋಡೋಣವೆಂದು ಇಬ್ಬರೇ ಹೊರಟರು. ಗಾಳಿಯೇ ಇರಲಿಲ್ಲ. ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಒಗೆದು ನೇತುಹಾಕಿದ ಕಾಲುಚೀಲದ ಹಾಗೆ ತೂಗಿಬಿದ್ದಿತ್ತು. ಮೇಲೆ ಹತ್ತಿ, ಊರಿನ ಮೇಲೆ ಒಂದು ಸುತ್ತು ಹೊಡೆದು, ರನ್‌ವೇ ಕಡೆ ತಿರುಗುವಾಗ ಅವಳು ಹೇಳಿದಳು. "ಇವತ್ತು ನಾನು ಏನೂ ಹೇಳಲ್ಲ. ನೀವೇ ಇಳಿಸಿ. ಇಳಿಸಿದ್ರೆ ನಾಳೆ ಮಗುವನ್ನ ನಾನೇ ಎತ್ತಿ ಕೂರಿಸ್ತೀನಿ."

"ನೀನು ಬಾಯಿ ಮುಚ್ಕೊಂಡಿರೋದಾ? ಅದನ್ನೂ ನೋಡೇ ಬಿಡೋಣ" ಎಂದು ಬೆಣ್ಣೆ ನಕ್ಕ.

ಅವಳು ಲೆಕ್ಕ ಹಾಕಿಯೇ ಇದ್ದಳು. ಸರಿಯಾಗಿ ಇಳಿಸಿದರೆ ತನ್ನ ಭಯ ಸುಳ್ಳು, ಇಷ್ಟು ದಿನ ಸುಮ್ಮನೆ ಹೆದರಿದೆ ಎಂದು ದೇವರಿಗೆ ಕೈಮುಗಿಯುವುದು. ಇಳಿಸಲಾಗದಿದ್ದರೆ ಎಂಜಿನ್ನಿಗೆ ಪೂರಾ ಜೋರು ಕೊಟ್ಟು ಮತ್ತೆ ಮೇಲಕ್ಕೆ ಹೋಗುತ್ತಾನೆ. ಸಂಶಯ ಬಂದರೆ ಮೇಲೆ ಹೋಗು ಎಂದು ಕ್ಲಬ್ಬಿನಲ್ಲಿ ಎಲ್ಲರೂ ಎಲ್ಲರಿಗೂ ಹೇಳುತ್ತಿದ್ದ ಮಾತು. ಹೊಸಬರಿಗೆ ಅದನ್ನು ಕಲಿಸುತ್ತಿದ್ದವನು ಬೆಣ್ಣೆಯೇ. ಮೇಲೆ ಹೋದ ಮೇಲೆ ಒಪ್ಪಿಕೊಳ್ಳಲೇಬೇಕು, ಭಾನುವಾರದ ಪ್ರಯಾಣ ಅಲ್ಲಿಗೆ ನಿಂತಿತು. ಇವೆರಡರಲ್ಲಿ ಒಂದು ಆಗುತ್ತದೆಂದು ನಂಬಿ ಅವಳು ತುಟಿ ಬಿಗಿದು ಕೂತಳು. ಮೂರನೆಯದೊಂದು ಇದೆ ಎಂದು ಅವಳಿಗೆ ಹೊಳೆಯಲಿಲ್ಲ.

ರನ್‌ವೇ ಅಗಲವಾಗತೊಡಗಿತು. ಬಿಳಿ ಗೆರೆಗಳು ಕೆಳಗೆ ಹರಿದುಹೋದವು. ಬೀರು, ಎಂದುಕೊಂಡಳು ಒಳಗೊಳಗೇ. ಅವಳ ಮೈಯೆಲ್ಲ ಕಣ್ಣಾಗಿತ್ತು. ಗಂಡ ತಲೆಯನ್ನು ಸ್ವಲ್ಪ ಓರೆ ಮಾಡಿದ, ಕಣ್ಣಿನ ಅಂಚಿನಿಂದ ನೆಲ ಹಿಡಿಯಲು. ಮೇಜು.

"ಎಲ್ಲಿದೀವಿ?" ಎಂದ.

ಅವಳು ಮಾತಾಡಲಿಲ್ಲ. ಎಂಜಿನ್ನಿನ ಗುಂಡಿಯ ಮೇಲೆ ಅವನ ಬಲಗೈ ಇತ್ತು. ಒಮ್ಮೆ ಮುಂದೆ ಒತ್ತಿದರೆ ಸಾಕು, ಮೇಲೆ ಹೋಗಬಹುದು. ಒತ್ತು, ಒತ್ತು ಎಂದು ಆ ಕೈಯನ್ನೇ ನೋಡಿದಳು. ಕೈ ಅಲ್ಲಾಡಲಿಲ್ಲ.

"ಹೇಳೇ" ಎಂದ.

ಅವನು ಕಾಯುತ್ತಿದ್ದ. ಆಗ ಅವಳಿಗೆ ತಿಳಿಯಿತು. ಮೇಲೆ ಹೋಗುವ ಯೋಚನೆಯೇ ಅವನಿಗೆ ಬಂದಿಲ್ಲ. ಇವಳು ಹೇಳದೆ ಇರುವವಳೇ ಅಲ್ಲ, ಹೇಳಿಯೇ ಹೇಳುತ್ತಾಳೆ ಎಂದು ನಂಬಿ ಕೂತಿದ್ದಾನೆ. ಅವಳು ಬಾಯಿ ತೆರೆದು "ಮಣೆ" ಎಂದಳು. ಆ ಮಾತು ಮುಗಿಯುವ ಮುನ್ನವೇ ಮುಂದಿನ ಚಕ್ರ ನೆಲಕ್ಕೆ ಬಡಿದು ಮುರಿಯಿತು. ಪ್ರೊಪೆಲ್ಲರ್ ಟಾರನ್ನು ಕೊರೆದ ಸದ್ದು, ಸುಟ್ಟ ರಬ್ಬರಿನ ವಾಸನೆ. ವಿಮಾನ ಮೂಗು ಊರಿಕೊಂಡು ಪಕ್ಕಕ್ಕೆ ತಿರುಗಿ ಹುಲ್ಲಿನೊಳಗೆ ಜಾರಿ ನಿಂತಿತು. ಅವಳ ಹೆಗಲ ಮೂಳೆ ಬೆಲ್ಟಿನಡಿ ಮುರಿದಿತ್ತು. ಅವನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನು ಆ ರಕ್ತದ ನಡುವೆಯೇ ಅವಳ ಕಡೆ ತಿರುಗಿ, "ಯಾಕೆ ಹೇಳಲಿಲ್ಲ?" ಎಂದು ಕೇಳಿದ. ಕೋಪದ ದನಿಯಲ್ಲ. ನಿಜಕ್ಕೂ ಅರ್ಥವಾಗದವನ ದನಿ.

ಭಾನುವಾರದ ಪ್ರಯಾಣವೇನೋ ನಿಂತಿತು. ಆದರೆ ಮುಗಿಯಲಿಲ್ಲ. ಚಕ್ರ, ಪ್ರೊಪೆಲ್ಲರ್ ಬದಲಾಯಿಸಿದರೆ ವಿಮಾನ ಹೊಸದರ ಹಾಗಾಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ. ಮುಂದಿನ ರಜೆಗೆ ಹೋದರಾಯಿತು ಎಂದು ಅಳಿಯ ಮಗುವಿಗೆ ಮಾತು ಕೊಟ್ಟ. ಕ್ಲಬ್ಬಿನವರಂತೂ ಬೆಣ್ಣೆಯ ಬೆನ್ನಿಗೆ ನಿಂತರು. ಬೆಣ್ಣೆಯಂಥವನೇ ನೆಲಕ್ಕೆ ಬಡಿದ ಎಂದರೆ ಅದು ಗಾಳಿಯದೇ ತಪ್ಪು. ನಿಂತ ನಿಲುವಿನಲ್ಲಿ ಒಂದು ಸುಳಿಗಾಳಿ ಎದ್ದಿತೆಂದು ಹೊಟ್ಟೆ ಲಾಯರು ಎಷ್ಟು ಸಲ ಹೇಳಿದರೆಂದರೆ, ಆ ಹೊತ್ತಿನಲ್ಲಿ ಮನೆಯಲ್ಲಿ ಮಲಗಿದ್ದವರಿಗೂ ಅದು ಬೀಸಿದ ನೆನಪಾಗತೊಡಗಿತು.

ವಿಚಾರಣೆಗೆ ಬಂದ ಅಧಿಕಾರಿ ಮೆತ್ತಗಿನ ಮಾತಿನ ಹೆಂಗಸು. ಕ್ಲಬ್ಬಿನ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ಕೂತಿದ್ದರು. ಈಚೆ ಬೆಣ್ಣೆ, ಹಣೆಗೆ ಹೊಲಿಗೆ. ಪಕ್ಕದಲ್ಲಿ ಹೆಂಡತಿ, ತೋಳನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿತ್ತು. ಅಮ್ಮನ ಆರೈಕೆಗೆಂದು ಉಳಿದಿದ್ದ ಮಗಳು ಕಿಟಕಿಯ ಹತ್ತಿರ ನಿಂತಿದ್ದಳು. ಗೋಡೆಯ ಪಕ್ಕದ ಬೆಂಚಿನಲ್ಲಿ ಲಾಯರು, ಡಾಕ್ಟರು, ಮೇಷ್ಟ್ರು. ಒಬ್ಬರಾದ ಮೇಲೊಬ್ಬರು ಸುಳಿಗಾಳಿಯ ಕಥೆ ಹೇಳಿ ಮುಗಿಸಿದರು.

ಅಧಿಕಾರಿ ಅವಳ ಕಡೆ ತಿರುಗಿದರು. "ನೀವು ಮುಂದೇನೇ ಕೂತಿದ್ರಿ. ಗಾಳಿ ಜೋರಿತ್ತಾ?"

ಹೂಂ ಎಂದರೆ ಮುಗಿಯಿತು. ಗಂಡನಿಗೆ ವಿಮಾನ, ಕ್ಲಬ್ಬಿಗೆ ಮಾನ, ಮುಂದಿನ ರಜೆಗೆ ಹಿಂದಿನ ಸೀಟಿನಲ್ಲಿ ಹಲ್ಲಿಲ್ಲದ ಆ ಮಗು.

"ಗಾಳಿ ಇರಲಿಲ್ಲ" ಎಂದಳು.

ಬೆಂಚು ಕಿರುಗುಟ್ಟಿತು. ಬೆಣ್ಣೆಯ ಕಿವಿ ಕೆಂಪಾಯಿತು. ಇಡೀ ಕ್ಲಬ್ಬೇ ಅವನ ಪರವಾಗಿ ನಿಂತಿರುವಾಗ ಕಟ್ಟಿಕೊಂಡವಳೇ ಕಾಲೆಳೆದಳಲ್ಲ ಎಂದು ಅವನಿಗೆ ತಡೆಯಲಾಗಲಿಲ್ಲ.

"ಗಾಳಿ ಇರಲಿಲ್ಲ, ಸರಿ," ಎಂದ. "ಗಾಳಿ ತಪ್ಪಲ್ಲ, ನನ್ನ ತಪ್ಪೂ ಅಲ್ಲ. ಇವಳು ಹೇಳಲಿಲ್ಲ. ನಾನು ಬಾಯಿಬಿಟ್ಟು ಕೇಳಿದೆ. ಇವಳು ಹೇಳಲೇ ಇಲ್ಲ."

"ಏನು ಹೇಳಬೇಕಾಗಿತ್ತು ಅವರು?" ಎಂದು ಅಧಿಕಾರಿ ಕೇಳಿದರು.

ಬೆಣ್ಣೆಯ ಬಾಯಿ ತೆರೆದೇ ಇತ್ತು. ತಾನು ಏನು ಆಡಿಬಿಟ್ಟೆ ಎಂಬುದು ಅವನ ತಲೆಗೆ ನಿಧಾನವಾಗಿ ಇಳಿಯುತ್ತಿರುವುದನ್ನು ಅವಳು ನೋಡಿದಳು, ನೋಡಲಾಗದೆ ಮೇಜಿನ ಕಡೆ ಮುಖ ಮಾಡಿದಳು.

"ನೆಲ ಎಷ್ಟು ದೂರ ಇದೆ ಅಂತ," ಎಂದಳು. "ಅವರಿಗೆ ಕಾಣಿಸಲ್ಲ. ನಾನು ಹೇಳ್ತಿದ್ದೆ. ಬೀರು, ಮೇಜು, ಕುರ್ಚಿ, ಮಣೆ ಅಂತ."

ಕಪ್ಪೆ ಮೇಷ್ಟ್ರು ಹಳೆಯ ಅಭ್ಯಾಸಕ್ಕೆ ನಗಲು ಹೋಗಿ ಅರ್ಧದಲ್ಲೇ ನುಂಗಿಕೊಂಡರು. ಅವಳು ನಿಲ್ಲಿಸಲಿಲ್ಲ. ಅಕ್ಷರದ ಪಟವನ್ನು ತಾನೇ ಬಾಯಿಪಾಠ ಮಾಡಿಸಿದ್ದನ್ನೂ ಹೇಳಿದಳು. ಬೇಲಿ ಡಾಕ್ಟರು ತಲೆ ತಗ್ಗಿಸಿ ತಮ್ಮ ಬೂಟು ನೋಡತೊಡಗಿದರು. ಬೇಕೆಂದೇ ಬಾಯಿ ಮುಚ್ಚಿಕೊಂಡು ಕೂತದ್ದನ್ನೂ ಹೇಳಿದಳು. ಅಧಿಕಾರಿ ಬರೆದುಕೊಳ್ಳುತ್ತ ಹೋದರು. ಎಲ್ಲ ಹೇಳಿ ಮುಗಿಸಿದರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ.

ಕಿಟಕಿಯ ಹತ್ತಿರದಿಂದ ಮಗಳ ದನಿ ಬಂತು. "ಹೋದ ರಜೆಗೆ ಬಂದಾಗ ನಾನೂ ಮಗೂನೂ ಹಿಂದೆ ಕೂತಿದ್ವಿ. ಆಗಲೂ?"

"ಆಗಲೂ."

"ಅವತ್ತು ನಿನಗೊಂದು ಕೆಮ್ಮು ಬಂದಿದ್ರೆ?"

ಕೆಮ್ಮು ಬರಬಹುದೆಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ. ಬೆಣ್ಣೆ ಎಂದು ಊರೆಲ್ಲ ಹೊಗಳಿದ್ದನ್ನು ಕೇಳಿ, ಅದರಲ್ಲಿ ಅರ್ಧ ತನ್ನದು ಎಂದು ಒಳಗೊಳಗೇ ಬೀಗಿದ್ದಳು.

"ಅಡುಗೆಮನೇಲಿ ಹೇಳಕ್ಕೆ ಬಂದಿದ್ದೆ ನಿನಗೆ" ಎಂದಳು, ಬಹಳ ಸಣ್ಣಗೆ.

"ನಾನು ನಕ್ಕೆ, ನೀನು ಅಲ್ಲಿಗೇ ಬಿಟ್ಟೆ" ಎಂದಳು ಮಗಳು.

ಅಧಿಕಾರಿ ಕಾಗದಗಳನ್ನು ಜೋಡಿಸಿಕೊಂಡು, ಕಣ್ಣಿನ ಪರೀಕ್ಷೆ ಬೇರೆ ಕಡೆ ಆಗಬೇಕು, ಅಲ್ಲಿಯವರೆಗೆ ಯಜಮಾನರು ಹಾರುವಂತಿಲ್ಲ ಎಂದು ಹೇಳಿ ಎದ್ದರು. ಬೆಂಚಿನವರು ಒಬ್ಬೊಬ್ಬರಾಗಿ ಹೊರಗೆ ಸರಿದರು. ಹೊಟ್ಟೆ ಲಾಯರು ಬೆಣ್ಣೆಯ ಹೆಗಲು ಮುಟ್ಟಿ ಹೋದರು. ಕೋಣೆಯಲ್ಲಿ ಮೂವರೇ ಉಳಿದರು. ಮಗಳು ಕಿಟಕಿ ಬಿಟ್ಟು ಕದಲಲಿಲ್ಲ.

ಬೆಣ್ಣೆ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ತಲೆ ಓರೆ ಮಾಡಿದ, ಇನ್ನೂ ಓರೆ ಮಾಡಿದ. ಮಗಳ ಸೀರೆಯ ಬಣ್ಣ, ಕಿಟಕಿಯ ಚೌಕಟ್ಟು ಸಿಕ್ಕಿರಬೇಕು. ನಡುವೆ ಇರಬೇಕಾದದ್ದು ಸಿಗಲಿಲ್ಲ. ಹೆಂಡತಿಯ ಕಡೆ ಬಾಗಿ, ಮಗಳಿಗೆ ಕೇಳಿಸದಷ್ಟು ಮೆತ್ತಗೆ ಕೇಳಿದ.

"ಅವಳ ಮುಖ ಹೇಗಿದೆ? ಕೋಪ ಮಾಡ್ಕೊಂಡಿದಾಳಾ?"

ಇಲ್ಲ ರೀ, ಎಲ್ಲ ಸರಿಹೋಗುತ್ತೆ ಎನ್ನಲು ಅವಳ ನಾಲಿಗೆ ಆಗಲೇ ಸಿದ್ಧವಾಗಿತ್ತು. ಅವಳು ತಲೆ ಎತ್ತಿ ಮಗಳನ್ನು ನೋಡಿದಳು. ಮಗಳೂ ಅವಳನ್ನೇ ನೋಡುತ್ತಿದ್ದಳು.

"ಕೋಪ ಅಲ್ಲ," ಎಂದಳು. "ಹೆದರಿದಾಳೆ. ನಿಮ್ಮನ್ನ ನೋಡಿ ಅಲ್ಲ, ನನ್ನನ್ನ ನೋಡಿ."